ಕಸಬಾ ಪೇಠೆಯ ಎರಡು ಸಂಸಾರದ ಹಳೇ ವಾಡೆ ಮಾರಾಟಕ್ಕಿದೆ: ತಗೊಳ್ಳೋದಾ, ಬಿಡೋದಾ?

ಪುಣೆಯಲ್ಲಿ_ಹಾವೇರಿ
ಎಲ್ಲರಿಗೂ ನಮಸ್ಕಾರ. ಪುಣೆಯ ಕಸಬಾ ಪೇಠೆಯಲ್ಲಿ ಒಂದು ಹಳೇ ವಾಡೆ (ನಡುವೆ ಅಂಗಳವಿರುವ ಮರದ ಚೌಕಟ್ಟಿನ ಮನೆ) ಮಾರಾಟಕ್ಕೆ ಬಂದಿದೆ. ಕೆಳಗೊಂದು ಮೇಲೊಂದು, ಎರಡೇ ಅಂತಸ್ತು. ಅಣ್ಣತಮ್ಮಂದಿರ ಎರಡು ಸಂಸಾರ: ಕೆಳಗೆ ಅಣ್ಣನ ಕಡೆಯವರು, ಮೇಲೆ ತಮ್ಮನ ಕಡೆಯವರು. ಜಿನ್ನಾ (ಮೆಟ್ಟಿಲು) ಒಂದೇ, ಚೌಕ (ನಡು ಅಂಗಳ) ಒಂದೇ, ಬಾವಿ ಒಂದೇ. ಬೀದಿ ಕಡೆಯ ಒಂದು ಕೋಣೆಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇದೆ, ಹಳೇ ಬಾಡಿಗೆದಾರರು. ಜಾಗ ಸುಮಾರು 1,400 ಚದರ ಅಡಿ. ಎಡಬಲದ ಗೋಡೆಗಳು ಪಕ್ಕದ ಮನೆಗಳ ಜೊತೆ ಹಂಚಿಕೊಂಡದ್ದು. ಎಡಗಡೆಯ ವಾಡೆ ಕೆಡವಿ ಆಗಿದೆ, ಜಾಗ ಖಾಲಿ ಬಿದ್ದಿದೆ.

ದಲ್ಲಾಳಿ ಹೇಳುವುದು ಮೂರು ಮಾತು. ಒಂದು, ಇದು ಪೇಶ್ವೆ ಕಾಲದ್ದು. ಎರಡು, ಮೆಟ್ರೊ ಬಂದಿದೆ, ಕೆಡವಿದರೆ ಐದು ಅಂತಸ್ತು ಏಳಿಸಬಹುದು. ಮೂರು, ಕೆಳಗಿನವರು ಇನ್ನೂ ಮನಸ್ಸು ಮಾಡಿಲ್ಲ, ಮೇಲಿನವರ ಅರ್ಧ ಪಾಲು ಈಗಲೇ ಬರೆಸಿಕೊಳ್ಳಿ. ಯಾವುದನ್ನು ನಂಬಬೇಕು?

ನಿಪ್ಪಾಣಿಯವ
ಮೂರೂ ನಂಬಬ್ಯಾಡ್ರಿ.

ಹಳೇದಸ್ತಾವೇಜು
ಮೂರನೆಯದರಿಂದ ಶುರು ಮಾಡೋಣ, ದುಡ್ಡು ಮುಳುಗುವುದು ಅಲ್ಲಿಯೇ. ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಹೊರಗಿನವರು ಒಬ್ಬ ಪಾಲುದಾರನ ಹಿಸ್ಸೆ ಕೊಂಡರೆ, ಮನೆಯೊಳಗೆ ಜಂಟಿ ಕಬ್ಜಾ ಕೇಳುವ ಹಕ್ಕು ಅವರಿಗೆ ಬರುವುದಿಲ್ಲ. ಆಸ್ತಿ ವರ್ಗಾವಣೆ ಕಾಯಿದೆಯ 44ನೇ ಕಲಮು ಹೇಳುವುದು ಅದನ್ನೇ. ನಿಮಗೆ ಸಿಗುವುದು ವಿಭಜನೆಯ ದಾವೆ ಹೂಡುವ ಹಕ್ಕು ಮಾತ್ರ. ದಾವೆ ಹೂಡಿದ ಮೇಲೆ 1893ರ ವಿಭಜನಾ ಕಾಯಿದೆಯ 4ನೇ ಕಲಮಿನಡಿ ಕೆಳಗಿನವರು "ಆ ಪಾಲು ನಾವೇ ಕೊಳ್ಳುತ್ತೇವೆ, ಬೆಲೆ ಕೋರ್ಟೇ ಕಟ್ಟಲಿ" ಎನ್ನಬಹುದು. ಅಂದರೆ ವರ್ಷಗಟ್ಟಲೆ ಕೋರ್ಟಿಗೆ ಅಲೆದು ಕೊನೆಗೆ ಮನೆ ಅವರಿಗೇ.

ಮೇಲಿನವರು ಕೆಳಗಿನವರು ಎಂಬ ಹಂಚಿಕೆ ಬಾಯಿಮಾತಿನದೋ, ನೋಂದಾಯಿತ ವಾಟಣಿಪತ್ರ (ಪಾಲುಪತ್ರ) ಇದೆಯೋ? ಮೊದಲು ಅದನ್ನು ಕೇಳಿ. ಪತ್ರ ಇದ್ದರೂ ಜಿನ್ನಾ, ಚೌಕ, ಬಾವಿ, ಮಾಡು (ಹಂಚಿನ ಚಾವಣಿ) ಯಾರ ಪಾಲಿಗೆ ಎಂದು ಬರೆದಿದೆಯೇ ನೋಡಿ. ಹೆಚ್ಚಿನ ಹಳೇ ಪತ್ರಗಳಲ್ಲಿ ಕೋಣೆ ಲೆಕ್ಕ ಇರುತ್ತದೆ, ಮಾಡಿನ ಲೆಕ್ಕ ಇರುವುದಿಲ್ಲ. ಮಳೆಗಾಲದಲ್ಲಿ ಸೋರಿದಾಗ ಜಗಳ ಹುಟ್ಟುವುದೇ ಅಲ್ಲಿ.

ಔಂಧ್_ಅಕ್ಕ
ಅಣ್ಣತಮ್ಮಂದಿರು ಅಂದಿರಿ. ಅಕ್ಕತಂಗಿಯರು ಎಷ್ಟು ಜನ?

ಪುಣೆಯಲ್ಲಿ_ಹಾವೇರಿ
ಅದನ್ನು ಕೇಳಿಲ್ಲ ಅಕ್ಕ.

ಹಳೇದಸ್ತಾವೇಜು
ಸರಿಯಾದ ಪ್ರಶ್ನೆ. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರ ತಿದ್ದುಪಡಿ ಆದಮೇಲೆ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಪಾಲುದಾರರು. ತಂದೆ 2005ರ ಮೊದಲೇ ತೀರಿಕೊಂಡಿದ್ದರೂ ಈ ಹಕ್ಕು ನಿಲ್ಲುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ಪಾಲಾಗಿ ನೋಂದಣಿಯೂ ಆಗಿದ್ದರೆ ಅದನ್ನು ಕದಲಿಸುವಂತಿಲ್ಲ. ಮದುವೆಯಾಗಿ ಸಾಂಗ್ಲಿಗೋ ಬೆಳಗಾವಿಗೋ ಹೋದವರ ಸಹಿಯೂ ಬೇಕು. ಇಲ್ಲವೇ ನೋಂದಾಯಿತ ಹಕ್ಕುಸೋಡಪತ್ರ (ಹಕ್ಕು ಬಿಟ್ಟುಕೊಡುವ ಪತ್ರ) ಬೇಕು. "ಅವಳಿಗೆ ಏನೂ ಬೇಡವಂತೆ" ಎಂಬ ಮಾತಿಗೆ ಕಿಮ್ಮತ್ತಿಲ್ಲ.

ಸಿಟಿ ಸರ್ವೆ ಕಚೇರಿಯಿಂದ ಪ್ರಾಪರ್ಟಿ ಕಾರ್ಡ್ ತೆಗೆಸಿ. ಈ ಭಾಗದಲ್ಲಿ ಸಾತ್‌ಬಾರಾ (ಹೊಲದ ಪಹಣಿಯಂಥ ದಾಖಲೆ) ನಡೆಯುವುದಿಲ್ಲ, ಸಿಟಿಎಸ್ (ಸಿಟಿ ಸರ್ವೆ) ನಂಬರಿನ ಕಾರ್ಡೇ ದಾಖಲೆ. ನೋಡಬೇಕಾದ್ದು: ಮಾಲೀಕರ ಹೆಸರುಗಳು, ಸತ್ತವರ ವಾರಸಾ ಏರಿದೆಯೇ, ಸತ್ತಾ ಪ್ರಕಾರದ (ಒಡೆತನ ಯಾವ ಬಗೆಯದು ಎಂಬ) ಅಂಕಣದಲ್ಲಿ ಸರ್ಕಾರಿ ಗುತ್ತಿಗೆ ಅಥವಾ ದೇವಸ್ಥಾನ ಇನಾಮು ಎಂದೇನಾದರೂ ಇದೆಯೇ, ಕ್ಷೇತ್ರಫಲ ನೆಲದ ಅಳತೆಗೆ ಹೊಂದುತ್ತದೆಯೇ. ಜೊತೆಗೆ 30 ವರ್ಷದ ಸರ್ಚ್ (ಒಡೆತನದ ದಾಖಲೆಗಳ ತಪಾಸಣೆ), ಇಂಡೆಕ್ಸ್ 2 (ನೋಂದಣಿಯ ಸಾರಾಂಶ) ಪ್ರತಿಗಳು, ಸ್ಮಾಲ್ ಕಾಸಸ್ ಮತ್ತು ಸಿವಿಲ್ ಕೋರ್ಟಿನಲ್ಲಿ ಮಾಲೀಕರ ಹೆಸರಿನ ಮೇಲಿರುವ ದಾವೆಗಳ ಹುಡುಕಾಟ. ಆಮೇಲೆ ಒಂದು ಮರಾಠಿ, ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಜಾಹೀರ್ ನೋಟೀಸು. ನೋಟೀಸಿನ ಖರ್ಚಿಗೆ ಜುಗ್ಗತನ ಮಾಡಬೇಡಿ, ಅಡಗಿ ಕೂತ ವಾರಸುದಾರ ಹೊರಬರುವುದು ಅದರಿಂದಲೇ.

ತುಳುನಾಡ_ಹಂಚು
ಮೊದಲ ಮಾತಿಗೆ ಬರುವ ಮಾರಾಯ್ರೇ. ಪೇಶ್ವೆ ಕಾಲ ಮುಗಿದದ್ದು 1818ಕ್ಕೆ. ಮಾಡಿನ ಮೇಲೆ ಎಂತ ಹಂಚು ಉಂಟು? ಮಂಗಳೂರು ಹಂಚಾದರೆ ಒಂದು ತೆಗೆದು ತಿರುಗಿಸಿ ನೋಡಿ, ಹಿಂಬದಿಯಲ್ಲಿ ಕಾರ್ಖಾನೆ ಹೆಸರು ಅಚ್ಚು ಹಾಕಿರ್ತಾರೆ. ಬಾಸೆಲ್ ಮಿಶನ್‌ನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದೇ 1865ರಲ್ಲಿ. ಹಾಗಾಗಿ ಈ ಮಾಡು ಅದಕ್ಕಿಂತ ಹಿಂದಿನದಾಗಲಿಕ್ಕೆ ಸಾಧ್ಯವೇ ಇಲ್ಲ.

ಸುಣ್ಣಗಾರೆ
ಮಾಡು ಬದಲಾದ ಮಾತ್ರಕ್ಕೆ ಮನೆ ಹೊಸದಾಗುವುದಿಲ್ಲ. ಹಳೇ ನಾಡಹಂಚು ತೆಗೆದು ಮಂಗಳೂರು ಹಂಚು ಹೊದಿಸಿದ ವಾಡೆಗಳು ಪೇಠೆಗಳಲ್ಲಿ ಬೇಕಾದಷ್ಟಿವೆ. ವಯಸ್ಸು ನೋಡಬೇಕಾದರೆ ಕಂಬ ನೋಡಿ. ಬುಡದಲ್ಲಿ ಉಬ್ಬಿ ಮೇಲೆ ಸಣ್ಣಗಾಗುವ ಸುರು (ಸೈಪ್ರಸ್ ಮರ) ಆಕಾರದ ಕೆತ್ತನೆ ಕಂಬ, ನಡುವೆ ಬಾಗಿದ ಮರದ ಕಮಾನು ಇದ್ದರೆ ಹಳೇ ಪದ್ಧತಿಯದು. ಬಾಲ್ಕನಿಯ ಕೆಳಗೆ ಕಬ್ಬಿಣದ ಐ-ತೊಲೆ ಇದ್ದು ಅದರ ಮೇಲೆ "ಡಾರ್ಮನ್ ಲಾಂಗ್" ಎಂಬ ಅಚ್ಚಿದ್ದರೆ, ಆ ಭಾಗ ಇಂಗ್ಲೆಂಡಿನಿಂದ ಉಕ್ಕು ಬರುತ್ತಿದ್ದ ಕಾಲದ್ದು. ಒಂದೇ ಮನೆಯಲ್ಲಿ ಮೂರು ಕಾಲ ಇರುವುದು ಮಾಮೂಲು.

ಇನ್ನೊಂದು ಗುರುತು 1961ರ ಜುಲೈ 12. ಪಾನಶೇತ್ ಅಣೆಕಟ್ಟು ಒಡೆದು ಮುಠಾ ನದಿ ಪೇಠೆಗಳಿಗೆ ನುಗ್ಗಿದ ದಿನ. ನದಿ ಕಡೆಯ ವಾಡೆಗಳಲ್ಲಿ ಕೆಳಗಿನ ಮಣ್ಣಿನ ಗೋಡೆ ನೆನೆದು ಕುಸಿದು, ಅಷ್ಟು ಎತ್ತರಕ್ಕೆ ಇಟ್ಟಿಗೆ-ಸಿಮೆಂಟು ತುಂಬಿದರು. ಕೆಳಗೆ ಗಟ್ಟಿ, ಮೇಲೆ ಟೊಳ್ಳು ಸದ್ದು ಬಂದರೆ ಎರಡೂ ಕೂಡುವ ಗೆರೆಯಲ್ಲಿ ಬಿರುಕು ಹುಡುಕಿ.

ಎಫ್‌ಎಸ್‌ಐ_ಭಟ್ರು
ಹಂಚು, ಕಂಬ ಎಲ್ಲ ಸರಿ, ದುಡ್ಡಿನ ವಿಷಯ ಮಾತಾಡಿ. ಜಿಲ್ಲಾ ನ್ಯಾಯಾಲಯದಿಂದ ಸ್ವಾರಗೇಟ್‌ವರೆಗೆ ಸುರಂಗ ಮೆಟ್ರೊ 2024ರ ಸೆಪ್ಟೆಂಬರಿನಲ್ಲಿ ಶುರುವಾಗಿದೆ, ಕಸಬಾ ಪೇಠೆಯಲ್ಲೇ ನಿಲ್ದಾಣ. ನಿಲ್ದಾಣದ ಸುತ್ತ 500 ಮೀಟರ್ ಟಿಒಡಿ ವಲಯ (ಮೆಟ್ರೊ ಹತ್ತಿರ ಹೆಚ್ಚು ಕಟ್ಟಲು ಬಿಡುವ ವಲಯ), ಹೆಚ್ಚುವರಿ ಎಫ್‌ಎಸ್‌ಐ (ಜಾಗದ ಅಳತೆಗೆ ಎಷ್ಟು ಕಟ್ಟಬಹುದೆಂಬ ಪ್ರಮಾಣ) ಉಂಟು. ಈ ಜಾಗದಲ್ಲಿ ರಿಪೇರಿ ಮಾಡಿ ಕೂರುವವನು ಮೂರ್ಖ.

ಪೇಠೆವಾಸಿ
ಭಟ್ರೇ, ಟಿಒಡಿ ಎಫ್‌ಎಸ್‌ಐ ರಸ್ತೆ ಅಗಲ ನೋಡಿ ಕೊಡುತ್ತಾರೆ, ನಿಲ್ದಾಣದ ಹತ್ತಿರ ಇದೆ ಎಂದಷ್ಟೇ ಅಲ್ಲ. ಕಸಬಾದ ಬೋಳಗಳಲ್ಲಿ (ಓಣಿಗಳಲ್ಲಿ) ಎರಡು ಸ್ಕೂಟರ್ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕು. ರಸ್ತೆ 9 ಮೀಟರ್‌ಗಿಂತ ಕಿರಿದಾಗಿದ್ದರೆ ಟಿಡಿಆರ್ (ಬೇರೆ ಜಾಗದಿಂದ ಕೊಂಡು ತರುವ ಕಟ್ಟುವ ಹಕ್ಕು) ಕೂಡ ಬಳಸುವಂತಿಲ್ಲ.

ಅದಕ್ಕೂ ಮುಂಚಿನ ಪ್ರಶ್ನೆ ಬೇರೆ ಇದೆ. ಶನಿವಾರವಾಡಾದಿಂದ ಎಷ್ಟು ದೂರ?

ಪುಣೆಯಲ್ಲಿ_ಹಾವೇರಿ
ಫೋನಿನ ಮ್ಯಾಪಿನಲ್ಲಿ ಅಳೆದೆ. ಕೋಟೆಗೋಡೆಯಿಂದ 90 ಮೀಟರ್ ಆಸುಪಾಸು ಬರುತ್ತದೆ.

ಪೇಠೆವಾಸಿ
ಹಾಗಾದರೆ ಐದು ಅಂತಸ್ತಿನ ಮಾತು ಇಲ್ಲಿಗೆ ಮುಗಿಯಿತು. ಶನಿವಾರವಾಡಾ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕ. ಪ್ರಾಚೀನ ಸ್ಮಾರಕ ಕಾಯಿದೆಯ 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಜಾಗದ ಗಡಿಯಿಂದ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ. ಅಳೆಯುವುದು ಗಡಿಯಿಂದ, ಬುರುಜಿನಿಂದ ಅಲ್ಲ, ಹಾಗಾಗಿ ನಿಮ್ಮ 90 ಇನ್ನೂ ಕಡಿಮೆಯಾಗಬಹುದು, ಹೆಚ್ಚಾಗುವುದಿಲ್ಲ. ನಿಷೇಧಿತ ವಲಯದಲ್ಲಿ ಹೊಸ ಕಟ್ಟಡ ಇಲ್ಲ. ಕೆಡವಿ ಅದೇ ಅಳತೆಯಲ್ಲಿ ಮತ್ತೆ ಕಟ್ಟುವುದೂ ಇಲ್ಲ. ದುರಸ್ತಿ, ನವೀಕರಣಕ್ಕೆ ಮಾತ್ರ ಅವಕಾಶ, ಅದೂ ಮನೆ 1992ರ ಜೂನ್ 16ಕ್ಕಿಂತ ಮೊದಲೇ ಇತ್ತು ಎಂದು ತೋರಿಸಿದರೆ. ಹಳೇ ತೆರಿಗೆ ಪಾವತಿ, ವಿದ್ಯುತ್ ಬಿಲ್ಲು, ಸಿಟಿ ಸರ್ವೆ ನಕಾಶೆ ಆ ಪುರಾವೆಗೆ ಸಾಕು. ಅರ್ಜಿ ಸಕ್ಷಮ ಪ್ರಾಧಿಕಾರಕ್ಕೆ, ಅಲ್ಲಿಂದ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ. ಅನುಮತಿ ಇಲ್ಲದೆ ಮುಟ್ಟಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ನಿಮ್ಮ ಎಡಗಡೆ ಜಾಗ ಯಾಕೆ ಖಾಲಿ ಬಿದ್ದಿದೆ ಎಂದು ದಲ್ಲಾಳಿಯನ್ನು ಕೇಳಿದಿರಾ? ಪೇಠೆಯ ನಡುಮಧ್ಯದಲ್ಲಿ ಯಾರೂ ಸುಮ್ಮನೆ ಜಾಗ ಖಾಲಿ ಬಿಡುವುದಿಲ್ಲ.

ನಿಪ್ಪಾಣಿಯವ
ಅಂದ್ರ ಕೆಡವಿದಾಂವ ಕೈ ಸುಟ್ಕೊಂಡಾನ. ಇದ್ದ ಮನೀನೂ ಹೋತು, ಕಟ್ಟೂ ಹಕ್ಕೂ ಹೋತು.

ಎಫ್‌ಎಸ್‌ಐ_ಭಟ್ರು
ಫೋನಿನ ಮ್ಯಾಪ್ ನಂಬಿ ತೀರ್ಪು ಕೊಡಬೇಡಿ. 110 ಬಂದರೆ ಕಥೆಯೇ ಬೇರೆ, ನಿಯಂತ್ರಿತ ವಲಯದಲ್ಲಿ ಅನುಮತಿ ತಗೊಂಡು ಕಟ್ಟಬಹುದು. ಮತ್ತೆ ಈ 100 ಮೀಟರ್ ನಿಯಮ ಸಡಿಲಿಸಬೇಕೆಂದು ಅಲ್ಲಿನ ಜನ ಎಷ್ಟು ವರ್ಷದಿಂದ ಕೂಗ್ತಾ ಇದ್ದಾರೆ.

ಪೇಠೆವಾಸಿ
ಮೊದಲ ಮಾತು ಒಪ್ಪುತ್ತೇನೆ, ಸರ್ವೇಯರ್ ಕರೆಸಿ ಅಳತೆ ಆಗಲಿ. ಕೂಗಿನ ಮೇಲೆ ಬೆಲೆ ಕಟ್ಟಬೇಡಿ. ನಿಯಮ ಇವತ್ತು ಏನಿದೆಯೋ ಅದಕ್ಕೆ ದುಡ್ಡು ಕೊಡಿ. ಸಡಿಲವಾದರೆ ಲಾಭ ನಿಮ್ಮದು.

ಹಳೇದಸ್ತಾವೇಜು
ಮಹಾನಗರ ಪಾಲಿಕೆಯಿಂದ ಇನ್ನೂ ಎರಡು ಕಾಗದ ಬೇಕು. 2017ರ ಡಿಪಿಯ (ನಗರಾಭಿವೃದ್ಧಿ ಯೋಜನೆಯ) ಪ್ರಕಾರ ರಸ್ತೆ ಅಗಲೀಕರಣದ ಗೆರೆ ವಾಡೆಯ ಮುಂಭಾಗವನ್ನು ಎಷ್ಟು ತಿನ್ನುತ್ತದೆ ಎಂಬ ಅಭಿಪ್ರಾಯ ಒಂದು. ಪಾಲಿಕೆಯ ಪಾರಂಪರಿಕ ಪಟ್ಟಿಯಲ್ಲಿ ಇದೆಯೇ, ಇದ್ದರೆ ಯಾವ ದರ್ಜೆ ಎಂಬುದು ಇನ್ನೊಂದು. ಪಟ್ಟಿಯಲ್ಲಿದ್ದರೆ ಕಿಟಕಿ ಬದಲಿಸುವುದಕ್ಕೂ ಪಾರಂಪರಿಕ ಸಮಿತಿಯ ಮುಂದೆ ಹೋಗಬೇಕು.

ಬ್ಯಾಂಕ್_ಕೌಂಟರ್
ಸಾಲದ ಬಗ್ಗೆ ಯಾರೂ ಹೇಳಲಿಲ್ಲ. ಹಳೇ ಮರದ ಚೌಕಟ್ಟಿನ ಮನೆಗೆ ಸ್ಟ್ರಕ್ಚರಲ್ ಎಂಜಿನಿಯರ್ "ಉಳಿದ ಆಯುಷ್ಯ ಇಷ್ಟು ವರ್ಷ" ಎಂದು ಬರೆದುಕೊಡಬೇಕು. ಸಾಲದ ಅವಧಿ ಅದರೊಳಗೇ. 75 ಲಕ್ಷ ಮೀರಿದ ಸಾಲಕ್ಕೆ ರಿಸರ್ವ್ ಬ್ಯಾಂಕ್ ನಿಯಮದಂತೆ ಮೌಲ್ಯದ 75%ಗಿಂತ ಹೆಚ್ಚು ಕೊಡುವುದಿಲ್ಲ, ಸ್ಟ್ಯಾಂಪ್ ಡ್ಯೂಟಿ ಆ ಮೌಲ್ಯದೊಳಗೆ ಸೇರುವುದಿಲ್ಲ. ಅಂಗಡಿಯ ಬಾಡಿಗೆದಾರ ಕೂತ ಭಾಗಕ್ಕೆ ಮೌಲ್ಯಮಾಪಕರು ಬಹಳ ಕಡಿಮೆ ಬೆಲೆ ಹಾಕುತ್ತಾರೆ. ಕೈಯಿಂದ ಹಾಕುವ ದುಡ್ಡು ನೀವು ಲೆಕ್ಕ ಹಾಕಿದ್ದಕ್ಕಿಂತ ಜಾಸ್ತಿ ಆಗುತ್ತದೆ.

ಪುಣೆಯಲ್ಲಿ_ಹಾವೇರಿ
ಅಂಗಡಿಯವರ ತಿಂಗಳ ಬಾಡಿಗೆ ಎರಡಂಕಿ ರೂಪಾಯಿಯಂತೆ! ಕೊಂಡ ಮೇಲೆ ನೋಟೀಸು ಕೊಟ್ಟು ಬಿಡಿಸಬಹುದಲ್ಲ?

ಹಳೇದಸ್ತಾವೇಜು
ಆಗುವುದಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯಲ್ಲಿ ಬಿಡಿಸುವ ಕಾರಣಗಳು 15 ಮತ್ತು 16ನೇ ಕಲಮುಗಳಲ್ಲಿವೆ, ಅವುಗಳ ಹೊರಗೆ ದಾರಿಯಿಲ್ಲ. ಬಾಡಿಗೆ ವರ್ಷಕ್ಕೆ 4%ಗಿಂತ ಹೆಚ್ಚು ಏರಿಸುವಂತಿಲ್ಲ. ಬಾಡಿಗೆ ಬಾಕಿ ಎಂದರೂ ಲಿಖಿತ ನೋಟೀಸು ಕೊಟ್ಟು 90 ದಿನ ಕಾಯಬೇಕು, ಅಷ್ಟರಲ್ಲಿ ಅವರು ಕಟ್ಟಿಬಿಡುತ್ತಾರೆ. "ನನಗೇ ಬೇಕು" ಎಂದು ದಾವೆ ಹಾಕಿದರೆ ಕೋರ್ಟು ಇಬ್ಬರಲ್ಲಿ ಯಾರಿಗೆ ಕಷ್ಟ ಹೆಚ್ಚು ಎಂದು ತೂಗುತ್ತದೆ. ಅಂಗಡಿಯೊಂದೇ ಜೀವನಾಧಾರವಾದವರ ಎದುರು, ಮನೆಯ ಉಳಿದ ಭಾಗ ಪೂರ್ತಿ ಕೈಯಲ್ಲಿರುವ ಮಾಲೀಕರ ತಕ್ಕಡಿ ಮೇಲೇ ಇರುತ್ತದೆ. ಅವರು ತೀರಿಕೊಂಡರೂ ಜೊತೆಯಲ್ಲಿ ವ್ಯಾಪಾರ ಮಾಡುತ್ತಿದ್ದ ಮನೆಯವರಿಗೆ ಹಕ್ಕು ದಾಟುತ್ತದೆ.

ಕಟ್ಟಡ ಕೆಡವಿದರೆ ಬಾಡಿಗೆದಾರಿಕೆ ಮುಗಿಯುತ್ತದೆ ಎಂಬುದೂ ತಪ್ಪು. ಮಹಾರಾಷ್ಟ್ರದ್ದೇ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟ ಮಾಡಿದೆ. ನೆಲ ಇರುವವರೆಗೆ ಹಕ್ಕಿದೆ.

ದಾರಿ ಎರಡೇ. ಅವರನ್ನು ಇಟ್ಟುಕೊಂಡೇ ಕೊಳ್ಳುವುದಾದರೆ ಕರಾರು ಬರೆಯುವ ಮುಂಚೆ ಅವರ ಕೈಯಿಂದ ಪತ್ರ ಪಡೆಯಿರಿ: ಕೋಣೆಯ ಅಳತೆ, ಈಗಿನ ಬಾಡಿಗೆ, ಎಲ್ಲಿಯವರೆಗೆ ಕಟ್ಟಿದ್ದಾರೆ, ಇನ್ನು ಮುಂದೆ ಹೊಸ ಮಾಲೀಕರಿಗೆ ಕಟ್ಟುತ್ತೇವೆ ಎಂಬ ಒಪ್ಪಿಗೆ. ಬಿಡಿಸಿಕೊಂಡು ಕೊಳ್ಳುವುದಾದರೆ ಆ ಕೆಲಸ ಮಾರುವವರೇ ಮಾಡಲಿ. ಬಾಡಿಗೆದಾರಿಕೆ ಬಿಟ್ಟುಕೊಡುವ ಪತ್ರ ನೋಂದಾಯಿಸಿ, ದುಡ್ಡು ಬ್ಯಾಂಕ್ ಮೂಲಕ ಕೊಟ್ಟು, ಕೀಲಿ ಅದೇ ದಿನ ಪಡೆದು, ವಿದ್ಯುತ್ ಮೀಟರು ಮತ್ತು ಶಾಪ್ ಆ್ಯಕ್ಟ್ ಪರವಾನಗಿ ಆ ವಿಳಾಸದಿಂದ ರದ್ದಾದ ಮೇಲೆ ಖರೀದಿಪತ್ರ. ಮೀಟರ್ ಉಳಿದರೆ ಮನುಷ್ಯ ಉಳಿದ ಹಾಗೆ.

ಔಂಧ್_ಅಕ್ಕ
ಗಡಿಯಾರ ಅಂಗಡಿ ಇರಲಿ ಬಿಡಿ. ಹಗಲೆಲ್ಲ ಬಾಗಿಲಲ್ಲಿ ಒಬ್ಬರು ಕೂತಿರುತ್ತಾರೆ, ಕಾವಲುಗಾರನ ಸಂಬಳ ಉಳಿಯುತ್ತದೆ.

ನಿಪ್ಪಾಣಿಯವ
ಅಕ್ಕಾರ ಮಾತು ಖರೇ. ಆದ್ರ ತಾಂಬಟ್ ಆಳಿ (ತಾಮ್ರಗಾರರ ಓಣಿ) ಹತ್ರ ಇದ್ರ ತಾಮ್ರ ಬಡಿಯೂ ಸಪ್ಪಳ ಮುಂಜಾನಿಂದ ಶುರು. ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಹೋಗಿ ನಿಂತು ಕೇಳ್ರಿ. ಗಣೇಶ ಹಬ್ಬದಾಗ ಹತ್ತು ದಿನ ಗಾಡಿ ಒಳಗ ಬರೂದಿಲ್ಲ. ಮಾನದ ಮೊದಲನೇ ಗಣಪತಿ ಕಸಬಾದಾಗನ ಇರೂದು.

ಎಫ್‌ಎಸ್‌ಐ_ಭಟ್ರು
ಗಾಡಿ ನಿಲ್ಲಿಸುವ ಜಾಗವೇ ಇಲ್ಲದ ಮನೆಗೆ ಇಷ್ಟೆಲ್ಲ ಕಾಗದ ಪತ್ರ. ಹಿಂಜೇವಾಡಿಯಲ್ಲಿ ಫ್ಲಾಟ್ ತಗೊಳ್ಳಿ.

ತುಳುನಾಡ_ಹಂಚು
ಹಿಂಜೇವಾಡಿಯಲ್ಲಿ ಗಾಡಿ ನಿಲ್ಲಿಸಲಿಕ್ಕೆ ಜಾಗ ಉಂಟು, ಓಡಿಸಲಿಕ್ಕೆ ಇಲ್ಲ.

ಪುಣೆಯಲ್ಲಿ_ಹಾವೇರಿ
😀 ಸರಿ, ಕೆಡವುವ ಆಸೆ ಬಿಟ್ಟೆ. ಇದ್ದ ಹಾಗೇ ರಿಪೇರಿ ಮಾಡಿ ಇರುವುದಾದರೆ ಏನು ನೋಡಬೇಕು? ಮೇಲಿನ ಮಹಡಿ ನಡೆದರೆ ಸ್ವಲ್ಪ ಅದುರುತ್ತದೆ. ಕೆಳಗೆ ಗೋಡೆಯ ಬುಡದಲ್ಲಿ ಪ್ಲಾಸ್ಟರ್ ಉದುರುತ್ತಿದೆ.

ಸುಣ್ಣಗಾರೆ
ಅದುರುವುದರಿಂದ ಹೆದರಬೇಡಿ, ಮರದ ಮಹಡಿ ಸ್ವಲ್ಪ ಅದುರುತ್ತದೆ. ಇಳಿಜಾರಿಗೆ ಹೆದರಿ. ನೆಲದ ಮೇಲೆ ಗೋಲಿ ಬಿಟ್ಟು ನೋಡಿ. ಎಲ್ಲ ಕೋಣೆಗಳಲ್ಲೂ ಒಂದೇ ಮೂಲೆಗೆ ಉರುಳಿದರೆ ಆ ಮೂಲೆಯ ಕಂಬ ಕೂತಿದೆ ಎಂದರ್ಥ.

ಮರ ಕೊಳೆಯುವುದು ಎರಡೇ ಕಡೆ: ಕಂಬದ ಬುಡ, ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗ. ಮೊನೆಯಾದ ದಬ್ಬಳ ತಗೊಂಡು ಕೈಬಲದಿಂದ ಚುಚ್ಚಿ. ಗಟ್ಟಿ ಸಾಗುವಾನಿಯಲ್ಲಿ ಮೂರ್ನಾಲ್ಕು ಮಿಲಿಮೀಟರ್‌ಗೆ ನಿಲ್ಲುತ್ತದೆ, ಕೊಳೆತದ್ದರಲ್ಲಿ ಬೆಣ್ಣೆಯೊಳಗೆ ಹೋದಂತೆ ಹೋಗುತ್ತದೆ. ಮೊದಲು ನೋಡಬೇಕಾದ್ದು ಮೇಲಿನ ಮಹಡಿಯ ಮೋರಿ ಮತ್ತು ಸಂಡಾಸಿನ ಕೆಳಗಿನ ತೊಲೆಗಳು. ಹಳೇ ವಾಡೆಯಲ್ಲಿ ಮೇಲೆ ಸಂಡಾಸು ಇರಲೇ ಇಲ್ಲ, ಆಮೇಲೆ ಕೂಡಿಸಿದ್ದು. ಅಲ್ಲಿನ ಪೈಪು ಸೋರಿ ತೊಲೆ ತುದಿ ತಿಂದಿರುವುದು ಹತ್ತರಲ್ಲಿ ಒಂಬತ್ತು ವಾಡೆಗಳ ಕಥೆ.

ಕಂಬದ ಬುಡ ಕೊಳೆತಿದ್ದರೆ ಇಡೀ ಕಂಬ ಬದಲಿಸಬೇಕಿಲ್ಲ. ಕೊಳೆತ ಭಾಗ ಕತ್ತರಿಸಿ, ಹಳೇ ಸಾಗುವಾನಿಯದೇ ತುಂಡು ಓರೆ ಸಂದಿಯಲ್ಲಿ ಕೂಡಿಸಬೇಕು. ಸಂದಿಯ ಉದ್ದ ಕಂಬದ ದಪ್ಪದ ಮೂರು ಪಟ್ಟಾದರೂ ಇರಲಿ, ಎರಡು ಬದಿಗೆ 6 ಮಿಲಿಮೀಟರ್ ಉಕ್ಕಿನ ಪಟ್ಟಿ, 12 ಮಿಲಿಮೀಟರ್ ಬೋಲ್ಟು. ಕತ್ತರಿಸುವ ಮುಂಚೆ ಎರಡೂ ಬದಿ ಉಕ್ಕಿನ ಪ್ರಾಪ್ (ಆಧಾರದ ಕಂಬ), ಕೆಳಗೆ ದಪ್ಪ ಹಲಗೆ. ಮೇಲಿನ ಮಹಡಿಯಲ್ಲೂ ಅದೇ ನೇರಕ್ಕೆ ಪ್ರಾಪ್ ಕೊಡಬೇಕು. ಕೆಳಗೆ ಮಾತ್ರ ಕೊಟ್ಟರೆ ಮಾಡಿನ ಭಾರ ತೂಗಾಡುತ್ತದೆ. ಕೂತ ಮೂಲೆಯನ್ನು ಜ್ಯಾಕ್ ಹಾಕಿ ಒಂದೇ ದಿನದಲ್ಲಿ ಎತ್ತಿ ಸಮ ಮಾಡಬೇಡಿ, ಗೋಡೆ ಸೀಳುತ್ತದೆ. ಹೆಚ್ಚಿನ ಕಡೆ ಇದ್ದಲ್ಲೇ ಗಟ್ಟಿ ಮಾಡಿ ಇಳಿಜಾರನ್ನು ಹಾಗೇ ಬಿಡುವುದು ಜಾಣತನ.

ಮೇಲಿನ ನೆಲದಲ್ಲಿ ಹಲಗೆಯ ಮೇಲೆ ನಾಲ್ಕಿಂಚು ಮಣ್ಣು ಇದ್ದೇ ಇರುತ್ತದೆ. ಅಷ್ಟಕ್ಕೇ ಚದರ ಮೀಟರಿಗೆ ಸುಮಾರು 160 ಕಿಲೋ. ಅದರ ಮೇಲೆ ಯಾರೋ ಸಿಮೆಂಟು ಹಾಕಿ ಟೈಲ್ಸ್ ಕೂರಿಸಿದ್ದರೆ ಇನ್ನೊಂದು ನೂರು. ಅದುರಾಟ ನಿಲ್ಲಿಸಬೇಕಾದರೆ ಮೊದಲು ಭಾರ ಇಳಿಸಿ, ಆಮೇಲೆ ಉಕ್ಕು ಸೇರಿಸುವ ಮಾತು. ಮಾಡಿನ ಕೆಳಗೆ 1,000 ಲೀಟರ್ ಟ್ಯಾಂಕ್ ಇಟ್ಟಿದ್ದರೆ ಅದು ಒಂದು ಟನ್, ಮೊದಲು ಕೆಳಗಿಳಿಸಿ.

ಗೋಡೆಯ ಬುಡ ಉದುರುವುದಕ್ಕೆ ಕಾರಣ ಸಿಮೆಂಟು ಪ್ಲಾಸ್ಟರ್. ಸುಣ್ಣ-ಮಣ್ಣಿನ ಗೋಡೆ ನೆಲದ ತೇವ ಹೀರಿ ಮೈಯಿಂದ ಬಿಡುತ್ತದೆ. ಸಿಮೆಂಟು ಬಳಿದರೆ ಬಿಡಲಾಗದೆ ತೇವ ಮೇಲೇರುತ್ತದೆ, ಉಪ್ಪು ಒಳಗೇ ಹರಳುಗಟ್ಟಿ ಪ್ಲಾಸ್ಟರನ್ನು ತಳ್ಳುತ್ತದೆ. ತೇವದ ಗೆರೆಗಿಂತ ಒಂದು ಮೀಟರ್ ಮೇಲಿನವರೆಗೆ ಸಿಮೆಂಟು ಕೆತ್ತಿ ತೆಗೆದು, ಗೋಡೆ ಒಣಗಲು ಬಿಡಿ. ದಪ್ಪದ ಇಂಚಿಗೆ ಒಂದು ತಿಂಗಳೆಂಬುದು ಅಂದಾಜು, ಹದಿನೆಂಟಿಂಚು ಗೋಡೆಗೆ ಒಂದು ಬೇಸಿಗೆ ಸಾಲದು. ಆಮೇಲೆ ಎರಡು ವಾರವಾದರೂ ನೀರಲ್ಲಿ ನೆನೆಸಿಟ್ಟ ಸುಣ್ಣ ಒಂದು ಪಾಲು, ಮರಳು ಮೂರು ಪಾಲು. ಮರಳಿನಲ್ಲಿ ಸ್ವಲ್ಪ ಭಾಗ ಇಟ್ಟಿಗೆ ಪುಡಿ ಹಾಕಬಹುದು. ಒಂದು ಪದರ 12 ಮಿಲಿಮೀಟರ್ ಮೀರಬಾರದು, ಒಂದು ವಾರ ಗೋಣಿತಟ್ಟು ಒದ್ದೆಮಾಡಿ ಹೊದಿಸಬೇಕು. ಮೇ ತಿಂಗಳ ಬಿಸಿಲಲ್ಲಿ ಬೇಡ. ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದರೆ ಮಾಡಿದ್ದೆಲ್ಲ ವ್ಯರ್ಥ, ಸುಣ್ಣವೇ ಬಳಿಯಿರಿ.

ತುಳುನಾಡ_ಹಂಚು
ಮಾಡಿಗೆ ಚದರ ಮೀಟರಿಗೆ ಸುಮಾರು 15 ಹಂಚು ಹಿಡೀತದೆ. ಬೇರೆ ಬೇರೆ ಕಾರ್ಖಾನೆಯ ಹಂಚು ಒಂದಕ್ಕೊಂದು ಕೂರುವುದಿಲ್ಲ, ಕಚ್ಚು ಬೇರೆ. ಎರಡು ಇಳಿಜಾರಿನ ಒಳ್ಳೆ ಹಂಚೆಲ್ಲ ಬೀದಿ ಕಡೆಗೆ ಸೇರಿಸಿ, ಹೊಸತನ್ನು ಚೌಕದ ಕಡೆಗೆ ಹಾಕಿ.

ವೈರ್‌ಮನ್
ಮರದ ಮನೆಗೆ ಗೆದ್ದಲಿಗಿಂತ ದೊಡ್ಡ ಶತ್ರು ವೈರಿಂಗ್. ಹಳೇ ರಬ್ಬರ್ ಸುತ್ತಿದ ತಂತಿ ಮರದ ಪಟ್ಟಿಯ ಮೇಲೆ ಓಡುತ್ತಿದ್ದರೆ ಒಂದೂ ಬಿಡದೆ ಕಿತ್ತು ಎಫ್‌ಆರ್‌ಎಲ್‌ಎಸ್ (ಬೆಂಕಿ ಬೇಗ ಹಿಡಿಯದ) ತಾಮ್ರದ ತಂತಿ, ಪ್ರತಿ ಮಹಡಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್). ಅರ್ಥಿಂಗ್ ಗುಂಡಿ ಚೌಕದಲ್ಲಿ, ಬಾವಿಯಿಂದ ದೂರ. ಗೆದ್ದಲಿಗೆ ಗೋಡೆಯ ಬುಡದ ಉದ್ದಕ್ಕೂ 30 ಸೆಂಟಿಮೀಟರಿಗೊಂದು 12 ಮಿಲಿಮೀಟರ್ ತೂತು ಕೊರೆದು ಔಷಧಿ ಬಿಡುತ್ತಾರೆ. ಬಾವಿ ಇರುವ ಮನೆಯಲ್ಲಿ ಬಾವಿಯ ಸುತ್ತಮುತ್ತ ಮಾಡಿಸಬೇಡಿ, ಔಷಧಿ ನೀರಿಗಿಳಿಯುತ್ತದೆ.

ಪೇಠೆವಾಸಿ
ಎಡಗಡೆಯ ಗೋಡೆ ಮರೆತಿರಿ. ಹಂಚಿಕೆ ಗೋಡೆಯಲ್ಲಿ ಎರಡೂ ಮನೆಯ ತೊಲೆಗಳು ಕೂತಿರುತ್ತವೆ. ಪಕ್ಕದ್ದು ಕೆಡವಿದಾಗ ಆ ಬದಿಯ ಆಧಾರ ಹೋಗಿ, ತೊಲೆ ಕಿತ್ತ ತೂತುಗಳು ಮಳೆಗೆ ಬಾಯಿ ತೆರೆದು ನಿಂತಿರುತ್ತವೆ. ತೂತು ಇಟ್ಟಿಗೆ-ಸುಣ್ಣದಲ್ಲಿ ಮುಚ್ಚಿ, ಗೋಡೆಯ ನೆತ್ತಿಗೆ ಹೊದಿಕೆ ಹಾಕಿ, ಜೂನ್ ಮೊದಲ ವಾರದೊಳಗೆ ಮುಗಿಯಬೇಕು. ಮಾರುವವರು ಕೈಯಲ್ಲಿ ಪಾಲಿಕೆಯ ಧೋಕಾದಾಯಕ (ಅಪಾಯಕಾರಿ ಕಟ್ಟಡ) ನೋಟೀಸು ಇಟ್ಟುಕೊಂಡಿದ್ದಾರೆಯೇ ಕೇಳಿ. ಮಹಾನಗರ ಪಾಲಿಕೆ ಕಾಯಿದೆಯ 264ನೇ ಕಲಮಿನ ಈ ನೋಟೀಸು ಮನೆಯ ಜೊತೆಗೇ ನಿಮ್ಮ ಹೆಗಲಿಗೆ ಬರುತ್ತದೆ. 100 ಮೀಟರ್ ಒಳಗಿನ ಮನೆಗೆ ಕೆಡವುವ ಆದೇಶ ಬಂದರೆ ಉಳಿಯುವುದು ಎಡಗಡೆಯವರಿಗೆ ಉಳಿದದ್ದೇ.

ಎಫ್‌ಎಸ್‌ಐ_ಭಟ್ರು
ಆಯ್ತು, ನನ್ನ ಮೊದಲ ಮಾತು ವಾಪಸ್. ಆದರೆ ಬೆಲೆ? ದಲ್ಲಾಳಿ ಐದು ಅಂತಸ್ತಿನ ಲೆಕ್ಕದಲ್ಲೇ ಹೇಳಿರ್ತಾನೆ.

ಹಳೇದಸ್ತಾವೇಜು
ಬೆಲೆಯ ಮಾತು ಅಳತೆಯ ವರದಿ ಕೈಗೆ ಬಂದ ಮೇಲೆ ಆಡಿ, ಅದೇ ನಿಮ್ಮ ಹತ್ಯಾರ. ಸ್ಟ್ಯಾಂಪ್ ಡ್ಯೂಟಿ ಮಾತ್ರ ನೀವು ಕೊಟ್ಟ ಬೆಲೆ ಅಥವಾ ರೆಡಿ ರೆಕನರ್ (ಸರ್ಕಾರದ ಮಾರ್ಗಸೂಚಿ ಬೆಲೆ), ಯಾವುದು ಹೆಚ್ಚೋ ಅದರ ಮೇಲೆ. ಪುಣೆಯಲ್ಲಿ ಮೆಟ್ರೊ ಸೆಸ್ ಸೇರಿ 7%, ಹೆಂಗಸರ ಹೆಸರಿಗಾದರೆ 6%. ನೋಂದಣಿ 30,000ಕ್ಕೆ ಮೀರುವುದಿಲ್ಲ. ಬೆಲೆ 50 ಲಕ್ಷ ಮುಟ್ಟಿದರೆ 1% ಟಿಡಿಎಸ್ ಮುರಿದು, ಪ್ರತಿಯೊಬ್ಬ ಮಾರಾಟಗಾರನ ಹೆಸರಿಗೂ ಕಟ್ಟಬೇಕು. ವಾರಸುದಾರರಲ್ಲಿ ಯಾರಾದರೂ ಅಮೆರಿಕದಲ್ಲಿದ್ದರೆ ಅವರ ಪಾಲಿಗೆ 1% ನಡೆಯುವುದಿಲ್ಲ, ದರವೇ ಬೇರೆ. ಆ ಜವಾಬ್ದಾರಿ ಕೊಳ್ಳುವವನದು.

ಬ್ಯಾಂಕ್_ಕೌಂಟರ್
ತೆರಿಗೆ ಬಾಕಿಯನ್ನೂ ನೋಡಿ. ಪಾಲಿಕೆ ಬಾಕಿಯ ಮೇಲೆ ತಿಂಗಳಿಗೆ 2% ದಂಡ ಏರಿಸುತ್ತದೆ. ಕೊಂಡ ಮೇಲೆ ಸ್ವಂತ ವಾಸದ 40% ರಿಯಾಯಿತಿಗೆ ಪಿಟಿ-3 ಅರ್ಜಿ ಕೊಡಿ.

ಪುಣೆಯಲ್ಲಿ_ಹಾವೇರಿ
ಎಲ್ಲರಿಗೂ ಧನ್ಯವಾದ. ಯಾವುದಕ್ಕೆ ಮೊದಲು ದುಡ್ಡು ಖರ್ಚು ಮಾಡಲಿ?

ಪೇಠೆವಾಸಿ
ಪ್ರಾಪರ್ಟಿ ಕಾರ್ಡ್ ಮತ್ತು ಸರ್ವೇಯರ್ ಅಳತೆ. ಎರಡೂ ಕೈಗೆ ಬರುವವರೆಗೆ ಬಯಾನಾ (ಮುಂಗಡ) ಕೊಡಬೇಡಿ. ಆಮೇಲೆ ವಕೀಲರ ಸರ್ಚ್, ಕೊನೆಗೆ ಎಂಜಿನಿಯರ್. ಜನ ಇದನ್ನು ತಲೆಕೆಳಗು ಮಾಡುತ್ತಾರೆ, ತೊಲೆ ತೋರಿಸಿಯಾದ ಮೇಲೆ ಗೊತ್ತಾಗುತ್ತದೆ ಐದನೇ ತಂಗಿ ನಾಸಿಕದಲ್ಲಿದ್ದಾಳೆ ಎಂದು.

ಹಳೇದಸ್ತಾವೇಜು
ಎಂಜಿನಿಯರ್ ಕೊನೆಗೆ, ಒಪ್ಪಿದೆ. ಆದರೆ ಕರಾರುಪತ್ರದಲ್ಲಿ ಒಂದು ಸಾಲು ಬರೆಸಿ: ಎರಡೂ ಸಂಸಾರದವರು ಒಟ್ಟಿಗೆ ಸಹಿ ಹಾಕಿದರೆ ಮಾತ್ರ ವ್ಯವಹಾರ, ಒಬ್ಬರು ಹಿಂದೆ ಸರಿದರೆ ಬಯಾನಾ ಪೂರ್ತಿ ವಾಪಸ್.

ನಿಪ್ಪಾಣಿಯವ
ಬಾವಿ ಬಗ್ಗೆ ಯಾರೂ ಹೇಳಲಿಲ್ಲಲ್ರಿ. ಮುಚ್ಚಬೇಕೇನು, ಇಡಬೇಕೇನು?

ಸುಣ್ಣಗಾರೆ
ಇಡಿ. ಮಣ್ಣು ತುಂಬಿ ಮುಚ್ಚಿದರೆ ಆ ನೀರು ಗೋಡೆಗಳ ಬುಡ ಹುಡುಕಿಕೊಂಡು ಹೋಗುತ್ತದೆ. ಕಬ್ಬಿಣದ ಜಾಳಿಗೆ ಹಾಕಿ, ಸಣ್ಣ ಪಂಪ್ ಇಟ್ಟು, ಬಳಕೆಗೆ ಎತ್ತುತ್ತಾ ಇರಿ.